ಬಾವಿಗಿಳಿದ ದೀಪ

ಮುಸ್ಸಂಜೆ ಕವಿಯುವ ಹೊತ್ತಿಗೆ ದೇವರ ಗೂಡಿನಲ್ಲಿ ದೀಪ ಹಚ್ಚಿಡುವುದು ಹಳ್ಳಿಯ ಹಳೆಯ ಮನೆಗಳಲ್ಲಿ ಊಟ ನಿದ್ರೆಗಳಷ್ಟೇ ಸಹಜವಾದ ಕೆಲಸವಾಗಿತ್ತು. ಹಣತೆ ಮಣ್ಣಿನದು, ಬತ್ತಿ ಹಳೆಯ ಪಂಚೆಯ ಅಂಚನ್ನು ಹರಿದು ಹೊಸೆದದ್ದು, ಎಣ್ಣೆ ಹೊಂಗೆಯದೋ ಹಿಪ್ಪೆಯದೋ ಹರಳಿನದೋ. ಕಡ್ಡಿ ಗೀರಿ ಬತ್ತಿಗೆ ತಾಗಿಸಿದರೆ ಬೆಳಕು ಮೂಡುತ್ತಿತ್ತು. ಇಷ್ಟು ಸುಲಭವಾದದ್ದರಿಂದಲೇ ಅದನ್ನು ಯಾರೂ ನಿಂತು ನೋಡುತ್ತಿರಲಿಲ್ಲ. ದಿನವೂ ಕಣ್ಣಿಗೆ ಬೀಳುವ ವಸ್ತು ಕ್ರಮೇಣ ಕಣ್ಣಿಗೆ ಕಾಣದಂತಾಗುವುದು ಲೋಕದ ರೂಢಿ.

ಅಂಥದೊಂದು ಮನೆ. ವಿದ್ಯುದ್ದೀಪ ಊರಿಗೆ ಬಂದಿದ್ದರೂ ಆ ಬೀದಿಗೆ ಇನ್ನೂ ಬಂದಿರಲಿಲ್ಲ. ಮನೆಯಲ್ಲಿ ಓದುಬರಹ ಕಲಿಯದ ಅಜ್ಜಿ. ಒಂಬತ್ತನೆಯ ತರಗತಿಯಲ್ಲಿ ಓದುವ ಮೊಮ್ಮಗ. ಹುಡುಗನ ಚೀಲದಲ್ಲಿ ವಿಜ್ಞಾನಕ್ಕೆಂದು ಮೂರು ನೋಟ್ ಪುಸ್ತಕಗಳಿದ್ದುವು. ನೀಲಿ ರಟ್ಟಿನದು ಭೌತವಿಜ್ಞಾನಕ್ಕೆ, ಕೆಂಪು ರಟ್ಟಿನದು ರಸಾಯನವಿಜ್ಞಾನಕ್ಕೆ, ಹಸುರು ರಟ್ಟಿನದು ಜೀವವಿಜ್ಞಾನಕ್ಕೆ. ಗಂಟೆ ಬಾರಿಸಿದೊಡನೆ ಒಂದು ಮುಚ್ಚಿಕೊಳ್ಳುತ್ತಿತ್ತು, ಇನ್ನೊಂದು ತೆರೆದುಕೊಳ್ಳುತ್ತಿತ್ತು. ಸಾಂದ್ರತೆ ಎಂದರೇನು, ದಹನ ಎಂದರೇನು, ಉಸಿರಾಟ ಎಂದರೇನು ಎಂದು ಕೇಳಿದರೆ ಹುಡುಗನು ಒಂದಕ್ಷರ ತಪ್ಪದೆ ಹೇಳಬಲ್ಲವನಾಗಿದ್ದನು. ಆದರೆ ನೀಲಿ ಪುಸ್ತಕದ ಮಾತಿಗೂ ಹಸುರು ಪುಸ್ತಕದ ಮಾತಿಗೂ ನಂಟುಂಟೆಂದು ಅವನಿಗೆ ಎಂದೂ ತೋರಿರಲಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಊರಿನ ನೀರು ಬತ್ತಿತು. ಹಿತ್ತಿಲಿನಲ್ಲಿ ಬಹುಕಾಲದಿಂದ ಬಳಕೆಯಿಲ್ಲದೆ ಬಿದ್ದಿದ್ದ ಬಾವಿಯ ಹೂಳು ತೆಗೆಸಿದರೆ ಒರತೆ ಕಂಡೀತೆಂದು ಮನೆಯವರು ಇಬ್ಬರು ಆಳುಗಳನ್ನು ಕರೆಸಿದರು. ಆ ಬಾವಿಯ ವಿಷಯವಾಗಿ ಊರಿನಲ್ಲಿ ಒಂದು ಮಾತಿತ್ತು. ಹಿಂದೆಂದೋ ಮೇಕೆಯ ಮರಿಯೊಂದನ್ನು ಎತ್ತಲು ಇಳಿದವನು ಮೇಲಕ್ಕೆ ಬರಲಿಲ್ಲವಂತೆ. ಅವನನ್ನು ಎತ್ತಲು ಇಳಿದ ತಮ್ಮನೂ ಬರಲಿಲ್ಲವಂತೆ. ಬಾವಿಯಲ್ಲಿರುವ ಗಾಳಿ ದೆವ್ವವೇ ಅವರನ್ನು ಹಿಡಿದುಕೊಂಡಿತೆಂದು ಜನ ನಂಬಿದ್ದರು. ಬಂದ ಆಳುಗಳಲ್ಲಿ ಕಿರಿಯನು ಇದಕ್ಕೆಲ್ಲ ಅಂಜುವವನಲ್ಲ. ಅವನು ಸೊಂಟಕ್ಕೆ ಹಗ್ಗ ಬಿಗಿದು ಬಾವಿಯ ಕಟ್ಟೆಯ ಮೇಲೆ ಕಾಲಿಟ್ಟನು.

“ತಡೆಯಪ್ಪಾ, ಇಳಿಯಬೇಡ. ಮೊದಲು ದೀಪ ಇಳಿಸು” ಎಂದಳು ಅಜ್ಜಿ.

“ಹಗಲು ಹೊತ್ತಿನಲ್ಲಿ ದೀಪ ಯಾಕಮ್ಮಾ? ತಳ ಕಾಣಿಸುತ್ತಲ್ಲಾ” ಎಂದು ಅವನು ನಕ್ಕನು.

“ನೋಡುವುದಕ್ಕಲ್ಲ, ಕೇಳುವುದಕ್ಕೆ” ಎಂದು ಅಜ್ಜಿ ಒಳಗಿನಿಂದ ಲಾಟೀನು ತರಿಸಿದಳು.

ಲಾಟೀನಿಗೆ ಹಗ್ಗ ಕಟ್ಟಿ ಮೆಲ್ಲಮೆಲ್ಲನೆ ಇಳಿಬಿಟ್ಟರು. ಎರಡಾಳಿನ ಆಳದವರೆಗೆ ಅದು ಚೆನ್ನಾಗಿಯೇ ಉರಿಯಿತು. ಅಲ್ಲಿಂದ ಮುಂದೆ ಕುಡಿ ಕುಗ್ಗಿತು, ಮಂಕಾಯಿತು, ಒಮ್ಮೆ ತುಯ್ದಾಡಿ ಆರಿಯೇ ಹೋಯಿತು. ಮೇಲಕ್ಕೆಳೆದು ಮತ್ತೆ ಹೊತ್ತಿಸಿ ಇಳಿಸಿದರು. ಅದೇ ಆಳಕ್ಕೆ ಹೋಗಿ ಮತ್ತೆ ಆರಿತು. ಕಟ್ಟೆಯ ಮೇಲೆ ಕಾಲಿಟ್ಟಿದ್ದವನು ಸದ್ದಿಲ್ಲದೆ ಕೆಳಗಿಳಿದು ಸೊಂಟದ ಹಗ್ಗವನ್ನು ಬಿಚ್ಚಿದನು.

“ದೀಪ ಆರಿಸಿದವರು ಯಾರಜ್ಜಿ? ಅಲ್ಲಿ ಗಾಳಿಯೇ ಬೀಸುತ್ತಿಲ್ಲವಲ್ಲ!” ಎಂದನು ಹುಡುಗ.

“ಯಾರೋ ಏನೋ, ನನಗೇನು ಗೊತ್ತು ಮಗಾ. ದೀಪ ಉಳಿಯದ ಕಡೆ ಮನುಷ್ಯನೂ ಉಳಿಯುವುದಿಲ್ಲ. ನಮ್ಮತ್ತೆ ನನಗೆ ಹೇಳಿಕೊಟ್ಟದ್ದು ಅಷ್ಟೇ.”

ಹುಡುಗನ ಮನಸ್ಸಿನಲ್ಲಿ ಆ ಮಾತು ಮುಳ್ಳಿನಂತೆ ನಟ್ಟಿತು. ದೀಪಕ್ಕೆ ಜೀವವಿಲ್ಲ, ಮನುಷ್ಯನೊಳಗೆ ಬತ್ತಿಯಿಲ್ಲ. ಹಾಗಿದ್ದರೂ ಇಬ್ಬರೂ ಒಂದೇ ಕಡೆ ಸೋಲಬೇಕೇಕೆ? ಇದಕ್ಕೆ ಉತ್ತರ ಯಾವ ಬಣ್ಣದ ನೋಟ್ ಪುಸ್ತಕದಲ್ಲಿದೆ?

ಈ ಬಗೆಯ ಪ್ರಶ್ನೆಯನ್ನು ಬೆನ್ನುಹತ್ತಿ ಹೋದವರು ಹಿಂದೆಯೂ ಇದ್ದರು. ಅವರಲ್ಲಿ ಮೈಕೇಲ್ ಫ್ಯಾರಡೆ ಹೆಸರಾದವನು. 1791ರಲ್ಲಿ ಇಂಗ್ಲೆಂಡಿನಲ್ಲಿ ಬಡ ಕಮ್ಮಾರನೊಬ್ಬನ ಮಗನಾಗಿ ಹುಟ್ಟಿದ ಈತನಿಗೆ ಶಾಲೆಯ ವಿದ್ಯೆ ಹೆಚ್ಚಾಗಿ ದೊರೆಯಲಿಲ್ಲ. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತ, ಕಟ್ಟಲು ಬಂದ ಪುಸ್ತಕಗಳನ್ನು ಓದುತ್ತ ಬೆಳೆದನು. 1813ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿ ಎಂಬ ವಿಜ್ಞಾನಿಯ ಸಹಾಯಕನಾದನು. ಮುಂದೆ 1831ರಲ್ಲಿ ಕಾಂತದ ಚಲನೆಯಿಂದ ವಿದ್ಯುತ್ತನ್ನು ಪಡೆಯುವ ಬಗೆಯನ್ನು ಕಂಡುಹಿಡಿದವನು ಇವನೇ. ಇಂಥವನು 1860ರ ಕೊನೆಯಲ್ಲಿ, ತನ್ನ 69ನೆಯ ವಯಸ್ಸಿನಲ್ಲಿ, ಕ್ರಿಸ್‌ಮಸ್ ರಜೆಯ ಕಾಲಕ್ಕೆ ಎಳೆಯರಿಗಾಗಿ ಆರು ಉಪನ್ಯಾಸಗಳನ್ನು ಕೊಡಲಾರಂಭಿಸಿದನು. ವಿದ್ಯುತ್ತಿನ ವಿಚಾರವನ್ನೇ ಹೇಳಬಹುದಾಗಿತ್ತು. ಅವನು ಆರಿಸಿಕೊಂಡದ್ದು ಒಂದು ಮೇಣದ ಬತ್ತಿಯನ್ನು. ಆರು ಉಪನ್ಯಾಸಗಳಿಗೂ ಅದೊಂದೇ ವಸ್ತು. ಮೇಣದಿಂದ ಹೊರಟು ಜ್ವಾಲೆಗೆ, ಜ್ವಾಲೆಯಿಂದ ನೀರಿಗೆ, ಗಾಳಿಗೆ, ಕೊನೆಗೆ ಮನುಷ್ಯನ ಉಸಿರಿಗೆ ಆ ಮಾತು ಬಂದು ಮುಟ್ಟಿತು. 1861ರಲ್ಲಿ ಆ ಉಪನ್ಯಾಸಗಳು ಪುಸ್ತಕವಾಗಿ ಪ್ರಕಟವಾದುವು. ಅವನು ನಡೆದ ದಾರಿಯನ್ನು ಹಣತೆಯ ದೀಪದಿಂದಲೂ ಹಿಡಿಯಬಹುದು.

ಹಣತೆಯಲ್ಲಿ ಎಣ್ಣೆ ಕೆಳಗಿದೆ, ಉರಿ ಮೇಲಿದೆ. ಎಣ್ಣೆಯನ್ನು ಮೇಲಕ್ಕೆ ಹೊತ್ತುಕೊಡುವವರು ಯಾರು? ಬತ್ತಿಯ ನೂಲೆಳೆಗಳ ನಡುವೆ ಕೂದಲಿಗಿಂತ ಕಿರಿದಾದ ಸಂದುಗಳಿವೆ. ಇಂಥ ಸಂದುಗಳಲ್ಲಿ ದ್ರವ ತಾನಾಗಿ ಏರುತ್ತದೆ. ಬಕೀಟಿನ ನೀರಿಗೆ ಟವಲಿನ ತುದಿ ತಾಗಿದರೆ ಸ್ವಲ್ಪ ಹೊತ್ತಿನಲ್ಲಿ ಅದರ ಮೇಲುಭಾಗವೂ ಒದ್ದೆಯಾಗುವುದು ಇದೇ ಕಾರಣದಿಂದ. ಭೌತವಿಜ್ಞಾನದಲ್ಲಿ ಇದಕ್ಕೆ ಕೇಶಾಕರ್ಷಣೆ ಎಂದು ಹೆಸರು.

ಮೇಲೇರಿದ ಎಣ್ಣೆ ಹಾಗೆಯೇ ಉರಿಯುವುದಿಲ್ಲ. ಶಾಖಕ್ಕೆ ಅದು ಆವಿಯಾಗುತ್ತದೆ. ಉರಿಯುವುದು ಆ ಆವಿ. ಆಗತಾನೆ ಊದಿ ಆರಿಸಿದ ಮೇಣದ ಬತ್ತಿಯಿಂದ ಬಿಳಿಯ ಹೊಗೆಯೊಂದು ಏಳುತ್ತದೆ. ಹಿರಿಯರೊಬ್ಬರು ಕೂಡಲೇ ಉರಿಯುವ ಕಡ್ಡಿಯನ್ನು ಆ ಹೊಗೆಗೆ ಹಿಡಿದರೆ, ಬತ್ತಿಯನ್ನು ಮುಟ್ಟದೆಯೇ ಬೆಂಕಿ ಹೊಗೆಯ ಜಾಡು ಹಿಡಿದು ಕೆಳಗಿಳಿದು ಬತ್ತಿಯನ್ನು ಹೊತ್ತಿಸುವುದನ್ನು ಕಾಣಬಹುದು. ಇದನ್ನು ಫ್ಯಾರಡೆಯೂ ತನ್ನ ಎಳೆಯ ಶ್ರೋತೃಗಳಿಗೆ ಮಾಡಿ ತೋರಿಸಿದ್ದನು.

ಕುಡಿ ಮೇಲ್ಮುಖವಾಗಿ ಚೂಪಾಗಿರುವುದೇಕೆ? ಬಿಸಿಯಾದ ಗಾಳಿ ಹಿಗ್ಗಿ ಹಗುರವಾಗಿ ಮೇಲೇಳುತ್ತದೆ. ತಣ್ಣನೆಯ ಗಾಳಿ ಕೆಳಗಿನಿಂದ ಒಳನುಗ್ಗುತ್ತದೆ. ಈ ಪ್ರವಾಹವೇ ಜ್ವಾಲೆಯನ್ನು ಎಳೆದು ನೀಳವಾಗಿಸುತ್ತದೆ. ಭೂಮಿಯನ್ನು ಸುತ್ತುವ ವ್ಯೋಮನೌಕೆಯೊಳಗೆ ವಸ್ತುಗಳಿಗೆ ತೂಕವಿದ್ದಂತೆ ತೋರದು; ಅಲ್ಲಿ ಬಿಸಿ ಗಾಳಿ ಮೇಲೇಳುವುದೂ ಇಲ್ಲ. ಅಲ್ಲಿ ಹಚ್ಚಿದ ಮೇಣದ ಬತ್ತಿಯ ಜ್ವಾಲೆ ಚೂಪಾಗಿರದೆ ನೀಲಿಯ ಪುಟ್ಟ ಗುಂಡಿನಂತಿರುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಅಜ್ಜಿಯ ಹಣತೆಯ ಸೊಡರಿಗೆ ಆಕಾರ ಕೊಡುವುದು ಭೂಮಿಯ ಆಕರ್ಷಣೆ!

ಇನ್ನು ಅದರ ಹೊಂಬಣ್ಣ. ಕಾಡಿಗೆ ಮಾಡುವ ಮನೆಗಳಲ್ಲಿ ಹರಳೆಣ್ಣೆಯ ದೀಪದ ಮೇಲೆ ಕಂಚಿನ ತಟ್ಟೆಯನ್ನು ಕವಿಚಿ ಹಿಡಿಯುತ್ತಿದ್ದರು. ತಟ್ಟೆಗೆ ನುಣ್ಣನೆಯ ಕಪ್ಪು ಮೆತ್ತಿಕೊಳ್ಳುತ್ತಿತ್ತು. ಅದು ಪೂರ್ತಿ ಸುಡದೆ ಉಳಿದ ಇಂಗಾಲ. ಜ್ವಾಲೆಯೊಳಗೆ ಅದೇ ಇಂಗಾಲದ ಕಣಗಳು ಕಾದ ಕಬ್ಬಿಣದಂತೆ ಕೆಂಡವಾಗಿ ಹೊಳೆಯುತ್ತವೆ. ದೀಪದ ಬೆಳಕು ಬಹುಮಟ್ಟಿಗೆ ಆ ಕಣಗಳ ಹೊಳಪು. ತಣಿದರೆ ಕಪ್ಪು, ಕಾದರೆ ಬೆಳಕು.

ಉರಿಯುವ ದೀಪ ಒಂದನ್ನು ತೆಗೆದುಕೊಂಡು ಬೇರೊಂದನ್ನು ಕೊಡುತ್ತದೆ. ತಣ್ಣನೆಯ ಗಾಜಿನ ಲೋಟವನ್ನು ಜ್ವಾಲೆಯ ಮೇಲೆ ತುಸು ಎತ್ತರದಲ್ಲಿ ಬೋರಲಾಗಿ ಹಿಡಿದರೆ ಒಳಮೈಗೆ ಮಂಜು ಕಟ್ಟುತ್ತದೆ. ಎಣ್ಣೆಯಲ್ಲಿದ್ದ ಜಲಜನಕ ಗಾಳಿಯ ಆಮ್ಲಜನಕವನ್ನು ಕೂಡಿ ನೀರಾಗಿದೆ. ಆ ಲೋಟದೊಳಕ್ಕೆ ಸುಣ್ಣದ ತಿಳಿನೀರನ್ನು ಹಾಕಿ ಕುಲುಕಿದರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಎಣ್ಣೆಯಲ್ಲಿದ್ದ ಇಂಗಾಲ ಆಮ್ಲಜನಕವನ್ನು ಕೂಡಿ ಇಂಗಾಲದ ಡೈಆಕ್ಸೈಡ್ ಆಗಿದೆಯೆಂಬುದಕ್ಕೆ ಅದು ಸಾಕ್ಷಿ. ಇದು ರಸಾಯನವಿಜ್ಞಾನದ ಮಾತು.

ಈಗ ದೀಪವನ್ನು ಬದಿಗಿರಿಸಿ, ಅದೇ ತಣ್ಣನೆಯ ಗಾಜಿನ ಮೇಲೆ ಬಾಯಿಂದ ಉಸಿರು ಬಿಟ್ಟರೆ ಏನಾಗುತ್ತದೆ? ಮಂಜು ಕಟ್ಟುತ್ತದೆ. ಕೊಳವೆಯ ಮೂಲಕ ಸುಣ್ಣದ ತಿಳಿನೀರಿನೊಳಕ್ಕೆ ಮೆಲ್ಲನೆ ಊದಿದರೆ ಏನಾಗುತ್ತದೆ? ಹಾಲಿನಂತೆ ಬೆಳ್ಳಗಾಗುತ್ತದೆ. ಜ್ವಾಲೆ ಕೊಟ್ಟ ಎರಡು ಸಾಕ್ಷಿಗಳನ್ನೂ ಉಸಿರು ಕೊಡುತ್ತದೆ. ಗಾಳಿಯಲ್ಲಿ ನೂರು ಪಾಲಿಗೆ ಸುಮಾರು 21 ಪಾಲು ಆಮ್ಲಜನಕವಿದೆ. ಹೊರಬಿಟ್ಟ ಉಸಿರಿನಲ್ಲಿ ಅದು ಸುಮಾರು 16ಕ್ಕೆ ಇಳಿದಿರುತ್ತದೆ. ಇಂಗಾಲದ ಡೈಆಕ್ಸೈಡ್ ಸುಮಾರು 4ಕ್ಕೆ ಏರಿರುತ್ತದೆ.

ಇದನ್ನು ಅಳೆದು ನೋಡಿದವರಲ್ಲಿ ಫ್ರಾನ್ಸಿನ ಲವಾಸಿಯೇ ಮೊದಲಿಗನೆನ್ನಬಹುದು. 1783ರ ಸುಮಾರಿಗೆ ಅವನು ಲಪ್ಲಾಸ್ ಎಂಬ ಗಣಿತಜ್ಞನೊಡನೆ ಕೂಡಿ, ಸುತ್ತಲೂ ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಗಿನಿ ಇಲಿಯೊಂದನ್ನು ಇರಿಸಿ, ಅದರ ಮೈಶಾಖಕ್ಕೆ ಎಷ್ಟು ಮಂಜುಗಡ್ಡೆ ಕರಗಿತೆಂದು ನೋಡಿದನು. ಇದ್ದಿಲನ್ನು ಉರಿಸಿದಾಗ ಕರಗುವ ಮಂಜುಗಡ್ಡೆಗೂ ಹುಟ್ಟುವ ಅನಿಲಕ್ಕೂ ಅದನ್ನು ಹೋಲಿಸಿದನು. ಉಸಿರಾಟವೂ ಒಂದು ಬಗೆಯ ನಿಧಾನವಾದ ದಹನವೆಂದು ಅವನ ಮನಸ್ಸಿಗೆ ಹೊಳೆಯಿತು. ಆ ಉರಿ ಶ್ವಾಸಕೋಶದಲ್ಲಿದೆಯೆಂದು ಅವನು ಎಣಿಸಿದ್ದನು. ಅದು ಮೈಯ ಕೋಟಿ ಕೋಟಿ ಜೀವಕೋಶಗಳಲ್ಲಿ, ಜ್ವಾಲೆಯಿಲ್ಲದೆ, ಮೆಟ್ಟಿಲು ಮೆಟ್ಟಿಲಾಗಿ ನಡೆಯುವ ಕ್ರಿಯೆಯೆಂಬುದು ಬಳಿಕ ತಿಳಿದುಬಂದಿತು. ಉಂಡ ಅನ್ನವೇ ಎಣ್ಣೆ, ಉಸಿರೇ ಗಾಳಿ, ಮೈಯ ಬಿಸುಪೇ ಅದರ ಕುರುಹು. ಮನುಷ್ಯನೊಳಗೆ ಬತ್ತಿಯಿಲ್ಲ, ನಿಜ. ಆದರೆ ಉರಿಯಿದೆ.

ಲೋಕದಲ್ಲಿ ಇಷ್ಟು ದೀಪಗಳೂ ಇಷ್ಟು ಪ್ರಾಣಿಗಳೂ ಆಮ್ಲಜನಕವನ್ನು ಬಳಸುತ್ತಿದ್ದರೆ ಅದು ತೀರಿಹೋಗುವುದಿಲ್ಲವೇ? ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್‌ಲಿ 1771ರಲ್ಲಿ ಮೇಣದ ಬತ್ತಿ ಉರಿದು ಆರಿದ ಗಾಳಿಯಲ್ಲಿ ಪುದೀನದ ಕುಡಿಯೊಂದನ್ನು ಮುಚ್ಚಿಟ್ಟನು. ಹತ್ತು ದಿನಗಳ ಅನಂತರ ನೋಡಿದಾಗ ಆ ಗಾಳಿಯಲ್ಲಿ ಮೇಣದ ಬತ್ತಿ ಮತ್ತೆ ಉರಿಯಿತು. ಇದಕ್ಕೆ ಬಿಸಿಲು ಬೇಕು, ಗಿಡದ ಹಸುರು ಭಾಗಗಳೇ ಬೇಕು ಎಂಬುದನ್ನು 1779ರಲ್ಲಿ ಇಂಗನ್‌ಹೌಸ್ ಎಂಬಾತ ತೋರಿಸಿದನು. ಹಿತ್ತಿಲಿನ ಹೊಂಗೆಯ ಮರವೂ ದಿನವೂ ಇದನ್ನೇ ಮಾಡುತ್ತಿದೆ. ಎಲೆಯ ಪತ್ರಹರಿತ್ತು ಬಿಸಿಲನ್ನು ಹಿಡಿದು, ಗಾಳಿಯ ಇಂಗಾಲದ ಡೈಆಕ್ಸೈಡಿನಿಂದಲೂ ಬೇರು ತಂದ ನೀರಿನಿಂದಲೂ ಆಹಾರವನ್ನು ಕಟ್ಟುತ್ತದೆ, ಆಮ್ಲಜನಕವನ್ನು ಹೊರಬಿಡುತ್ತದೆ. ಇದೇ ದ್ಯುತಿಸಂಶ್ಲೇಷಣೆ. ಆ ಆಹಾರದ ಒಂದು ಪಾಲು ಬೀಜದಲ್ಲಿ ಎಣ್ಣೆಯಾಗಿ ಕೂಡಿಕೊಳ್ಳುತ್ತದೆ. ಗಾಣದಿಂದ ಬಂದ ಆ ಎಣ್ಣೆ ಹಣತೆಯಲ್ಲಿ ಉರಿಯುವಾಗ, ಎಂದೋ ಎಲೆಯ ಮೇಲೆ ಬಿದ್ದ ಬಿಸಿಲೇ ಮತ್ತೆ ಬೆಳಕಾಗಿ ಹೊರಬರುತ್ತದೆ.

ಇಷ್ಟನ್ನು ತಿಳಿದು ಮತ್ತೆ ಬಾವಿಯ ಕಟ್ಟೆಗೆ ಬಂದರೆ ಗಾಳಿ ದೆವ್ವದ ಗುಟ್ಟು ಬಯಲಾಗುತ್ತದೆ. ಹಾಳುಬಾವಿಗೆ ವರ್ಷವರ್ಷವೂ ಎಲೆ ಕಡ್ಡಿಗಳು ಬೀಳುತ್ತವೆ. ಸೂಕ್ಷ್ಮಜೀವಿಗಳು ಅವನ್ನು ಕೊಳೆಯಿಸುತ್ತ ಆಮ್ಲಜನಕವನ್ನು ಬಳಸಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತವೆ. ಇದು ಜೀವವಿಜ್ಞಾನ. ಆ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಬಾವಿಯ ತಳ ತಂಪು. ಅಲ್ಲಿ ಗಾಳಿ ಬೀಸದು. ಆದುದರಿಂದ ಅದು ಕೊಡದಲ್ಲಿ ನೀರು ನಿಂತಂತೆ ಕೆಳಗೆ ನಿಂತುಬಿಡುತ್ತದೆ. ಇದು ಭೌತವಿಜ್ಞಾನ. ಆಮ್ಲಜನಕದ ಪ್ರಮಾಣ ನೂರಕ್ಕೆ ಸುಮಾರು 16ಕ್ಕೆ ಇಳಿದೊಡನೆ ಎಣ್ಣೆಯ ಆವಿ ಉರಿಯಲಾರದೆ ದೀಪ ಆರುತ್ತದೆ. ಇದು ರಸಾಯನವಿಜ್ಞಾನ. ಅಷ್ಟರಲ್ಲೇ ಮನುಷ್ಯನಿಗೆ ಏದುಸಿರು ಬರುತ್ತದೆ. 10ಕ್ಕಿಂತ ಕೆಳಗಿಳಿದರೆ ಕೆಲವೇ ನಿಮಿಷಗಳಲ್ಲಿ ಎಚ್ಚರ ತಪ್ಪುತ್ತದೆ. ಮನುಷ್ಯನಿಗಿಂತ ಮುಂಚೆ ದೀಪ ಸೋಲುವುದರಿಂದಲೇ ಅಜ್ಜಿಯ ಅತ್ತೆಯ ಮಾತು ಎಷ್ಟೋ ಜೀವಗಳನ್ನು ಉಳಿಸಿತು. ಮೇಕೆಮರಿಯ ಹಿಂದೆ ಹೋದ ಅಣ್ಣತಮ್ಮಂದಿರನ್ನು ಯಾವ ದೆವ್ವವೂ ಹಿಡಿಯಬೇಕಾಗಿರಲಿಲ್ಲ.

ಆದರೆ ಕಾರಣವನ್ನು ತಿಳಿದವನಿಗೆ ಇನ್ನೊಂದು ಸಂಗತಿಯೂ ಕಾಣುತ್ತದೆ. ದೀಪ ಆರಿದರೆ ಅಪಾಯವುಂಟೆಂಬುದು ನಿಜ. ದೀಪ ಉರಿದರೆ ಅಪಾಯವಿಲ್ಲವೆಂಬುದು ಅದರಿಂದ ಸಿದ್ಧವಾಗುವುದಿಲ್ಲ. ದೀಪ ಹೇಳುವುದು ಆಮ್ಲಜನಕದ ಸುದ್ದಿಯನ್ನು ಮಾತ್ರ. ಬಾವಿಯೊಳಗೆ ಡೀಸೆಲ್ ಪಂಪು ಓಡಿದ್ದರೆ ಅಲ್ಲಿ ಇಂಗಾಲದ ಮಾನಾಕ್ಸೈಡ್ ಸೇರಿರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿನಲ್ಲಿ ಆಮ್ಲಜನಕದ ಜಾಗವನ್ನು ಅದು ಕಸಿದುಕೊಳ್ಳುತ್ತದೆ. ಚರಂಡಿಯ ಗುಂಡಿಗಳಲ್ಲಿ ಕೊಳೆತ ಮೊಟ್ಟೆಯ ನಾತದ ಹೈಡ್ರೊಜನ್ ಸಲ್ಫೈಡ್ ಇರಬಹುದು. ಹೆಚ್ಚಾದಾಗ ಅದು ಮೂಗಿನ ಅರಿವನ್ನೇ ಕೊಲ್ಲುವುದರಿಂದ ನಾತವೂ ತಿಳಿಯದು. ಇವು ಮನುಷ್ಯನನ್ನು ಕೊಲ್ಲುವಷ್ಟಿದ್ದರೂ ದೀಪ ಉರಿಯುತ್ತಲೇ ಇರಬಹುದು. ಮೀಥೇನ್ ಸೇರಿದ್ದರಂತೂ ದೀಪವೇ ಸ್ಫೋಟಕ್ಕೆ ಕಾರಣವಾದೀತು. 1812ರಲ್ಲಿ ಇಂಗ್ಲೆಂಡಿನ ಫೆಲಿಂಗ್ ಎಂಬಲ್ಲಿನ ಕಲ್ಲಿದ್ದಲ ಗಣಿಯಲ್ಲಿ ಇಂಥ ಸ್ಫೋಟಕ್ಕೆ 92 ಮಂದಿ ಬಲಿಯಾದರು. ಅವರಲ್ಲಿ ಹುಡುಗರೂ ಇದ್ದರು. ಆ ಬಳಿಕವೇ ಹಂಫ್ರಿ ಡೇವಿ, ಫ್ಯಾರಡೆಯ ನೆರವಿನೊಡನೆ, 1815ರಲ್ಲಿ ಸುತ್ತಲೂ ತಂತಿಯ ಬಲೆಯುಳ್ಳ ಗಣಿದೀಪವನ್ನು ರೂಪಿಸಿದನು. ಬಲೆ ಶಾಖವನ್ನು ಹೀರಿ ಹರಡುವುದರಿಂದ ಒಳಗಿನ ಜ್ವಾಲೆ ಹೊರಗಿನ ಅನಿಲಕ್ಕೆ ತಾಗದು.

ಆದಕಾರಣ ಇಂದಿನ ಕಾಲದಲ್ಲಿ ದೀಪವನ್ನೇ ನಂಬಿ ಹಾಳುಬಾವಿಗಾಗಲಿ ಗುಂಡಿಗಾಗಲಿ ಯಾರೂ ಇಳಿಯಕೂಡದು. ಅನಿಲಗಳನ್ನು ಅಳೆಯುವ ಉಪಕರಣಗಳಿವೆ. ಉಸಿರಾಟದ ಸಲಕರಣೆಯುಳ್ಳ ಅಗ್ನಿಶಾಮಕ ದಳದವರಿದ್ದಾರೆ. ಒಬ್ಬನು ಒಳಗೆ ಬಿದ್ದನೆಂದು ಮತ್ತೊಬ್ಬನು ಧಾವಿಸಿ ಇಳಿಯುವುದು ಧೈರ್ಯವಾಗಿ ಕಂಡರೂ ಒಂದು ಸಾವನ್ನು ಎರಡಾಗಿಸುವ ಕೆಲಸ. ಕೂಗಿ ಜನರನ್ನು ಕೂಡಿಸುವುದೂ ತಿಳಿದವರನ್ನು ಕರೆಸುವುದೂ ಅಂಥ ಹೊತ್ತಿನಲ್ಲಿ ನಿಜವಾದ ಧೈರ್ಯ.

ಆ ಮನೆಯ ಬಾವಿಗೆ ಅಂದು ಯಾರೂ ಇಳಿಯಲಿಲ್ಲ. ನೀರಿಗೆ ಬೇರೆ ದಾರಿ ಹುಡುಕಿದರು. ಹುಡುಗನು ಕೆಲವು ದಿನ ತನ್ನ ಮೂರು ಪುಸ್ತಕಗಳನ್ನೂ ಒಟ್ಟಿಗೆ ತೆರೆದಿಟ್ಟುಕೊಂಡು ಕುಳಿತನು. ಶಾಲೆಯ ಉಪಾಧ್ಯಾಯರನ್ನು ಕೇಳಿದನು. ಕೊನೆಗೊಂದು ಸಂಜೆ ಅಜ್ಜಿ ಬತ್ತಿ ಹೊಸೆಯುತ್ತಿದ್ದಾಗ ಬಳಿ ಕುಳಿತು ಎಲ್ಲವನ್ನೂ ಹೇಳಿದನು. ಅಜ್ಜಿ ಕೈಕೆಲಸ ನಿಲ್ಲಿಸದೆ ಕೇಳಿದಳು.

“ಹಾಗಾದರೆ ನಮ್ಮತ್ತೆಯ ಮಾತು ಅರ್ಧ ಸುಳ್ಳು ಅನ್ನು.”

“ಸುಳ್ಳಲ್ಲ ಅಜ್ಜಿ. ದೀಪ ಆರಿದರೆ ಅವರ ಮಾತು ಪೂರ್ತಿ ನಿಜ. ಉರಿದರೆ ಮಾತ್ರ ನಂಬಬಾರದು.”

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಅವರಿಗೆ ಯಾರೂ ಇಷ್ಟು ಬಿಡಿಸಿ ಹೇಳಲಿಲ್ಲ. ನೀನು ಆ ಆಳು ಹುಡುಗನಿಗೂ ಹೋಗಿ ಹೇಳಿಬಾ. ಅವನು ಊರೂರಿನ ಬಾವಿಗೆ ಇಳಿಯುವವನು” ಎಂದಳು.

ಹುಡುಗನು ಎದ್ದು ಹೊರಟನು. ಅಜ್ಜಿ ಕಡ್ಡಿ ಗೀರಿ ಹಣತೆಯನ್ನು ಹಚ್ಚಿದಳು.